ನಲವತ್ತೇಳನೇ ನಂಬರಿನ ಜಾಗ

ನಮ್ಮ ಮಾವ ಮಲಗಿದ್ದ ಮಂಚದ ಸುತ್ತ ಬಿಳಿ ಗೆರೆ ಬಿದ್ದದ್ದನ್ನು ಮೊದಲು ನೋಡಿದವಳು ನಾನು. ಬೆಳಿಗ್ಗೆ ಹಜಾರ ಗುಡಿಸುತ್ತಿದ್ದೆ. ಪೊರಕೆ ಮಂಚದ ಕೆಳಗೆ ಹೋದಾಗ ಸುಣ್ಣ ಚೆಲ್ಲಿದೆಯೇನೋ ಅನ್ನಿಸಿತು. ಒದ್ದೆ ಬಟ್ಟೆ ತಂದು ಉಜ್ಜಿದೆ, ಹೋಗಲಿಲ್ಲ. ಎದ್ದು ನಿಂತು ನೋಡಿದರೆ ಎಂಟಡಿ ಅಗಲ, ಹದಿನಾರಡಿ ಉದ್ದ, ಇಡೀ ಹಜಾರವನ್ನು ಸುತ್ತಿಕೊಂಡು ಗೆರೆ ಬಿದ್ದಿತ್ತು. ಬೀದಿ ಬಾಗಿಲ ಕಡೆ ಮಾತ್ರ ತೆರೆದಿತ್ತು. ಮಾವನ ಕಾಲ ದೆಸೆಯಲ್ಲಿ ನಲವತ್ತೇಳು ಎಂಬ ಅಂಕಿ, ದಪ್ಪವಾಗಿ, ಚೆಂದವಾಗಿ ಮೂಡಿತ್ತು.

"ಮಾವ, ನಮ್ಮನೇಲಿ ಗೆರೆ ಬಿದ್ದಿದೆ" ಎಂದೆ.

ಅವರು ಮಾಡಿನ ಕಡೆ ನೋಡುತ್ತಲೇ, "ಕಾಫಿಗೆ ಡಿಕಾಕ್ಷನ್ ಕಮ್ಮಿಯಾಗಿದೆ" ಎಂದರು.

ನಮ್ಮ ಊರಿನಲ್ಲಿ ಸಾರ್ವಜನಿಕರು ಗಾಡಿ ನಿಲ್ಲಿಸುವ ನೆಲವನ್ನು ಯಾರಾದರೂ ಬೇರೆ ಕೆಲಸಕ್ಕೆ ತೆಗೆದುಕೊಂಡರೆ, ಅಷ್ಟೇ ಗಾಡಿಗೆ ಆಗುವಷ್ಟು ನೆಲವನ್ನು ಅದೇ ವಾರ್ಡಿನಲ್ಲಿ, ನಾನೂರು ಹೆಜ್ಜೆಯೊಳಗೆ ಬದಲಿಯಾಗಿ ಕೊಡಬೇಕು. ಬದಲಿ ಕೊಡಲು ಖಾಲಿ ನೆಲ ಬೇಕು. ಮೂರು ತಿಂಗಳ ಕಾಲ ಏನೂ ಅಲುಗಾಡದ ಜಾಗವೇ ಖಾಲಿ ನೆಲ ಎಂದು ಕಾಯಿದೆಯ ಒಂಬತ್ತನೇ ಕಲಮು ಹೇಳುತ್ತದೆ. ಅಂಥ ಜಾಗ ಹುಡುಕಿಕೊಂಡು ಯಾರೂ ಬರುವುದಿಲ್ಲ. ಗೆರೆ ತಾನೇ ಬೀಳುತ್ತದೆ. ಹಾಗಾಗಿ ನಮ್ಮಲ್ಲಿ ಪಾತ್ರೆ ಅಂಗಡಿಯವರು ತಿಂಗಳಿಗೊಮ್ಮೆ ಕೊಳಗಗಳನ್ನೆಲ್ಲ ಈ ಗೋಡೆಯಿಂದ ಆ ಗೋಡೆಗೆ ಸಾಗಿಸುತ್ತಾರೆ. ಎದುರು ಮನೆಯ ಕಾತ್ಯಾಯನಿ ಪ್ರತಿ ಅಮಾವಾಸ್ಯೆಗೂ ಬೀರು ಜರುಗಿಸುತ್ತಾಳೆ. ಹೆಣ್ಣು ನೋಡಲು ಹೋದವರು ಮೊದಲು ಕೇಳುವುದೇ ಮನೆಯಲ್ಲಿ ಅಲುಗಾಡದ ಸಾಮಾನು ಏನೇನಿದೆ ಎಂದು. ಆ ವರ್ಷ ನಮ್ಮ ಮೂರನೇ ವಾರ್ಡಿನ ಮೈದಾನದಲ್ಲಿ, ಅರವತ್ತೆರಡು ಗಾಡಿ ನಿಲ್ಲುತ್ತಿದ್ದ ಕಡೆ, ಹೊಸ ಕಟ್ಟಡ ಎದ್ದಿತ್ತು. ಅದು ಪಾರ್ಕಿಂಗ್ ಆಫೀಸಿನ ಕಟ್ಟಡ.

ನಮ್ಮ ಮಾವ ಮರುಳಪ್ಪನವರು ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದವರು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಕೂಡಿಕೊಂಡಿತು, ಇನ್ನು ನಡೆಯಬಹುದು ಎಂದು ಡಾಕ್ಟರು ಹೇಳಿದರು. ಮಾವ ಎದ್ದು ಎರಡು ಹೆಜ್ಜೆ ಇಟ್ಟರು, ವಾಪಸು ಬಂದು ಕೂತರು. "ಒಲೆ ಮುಂದೆ ನಿಂತಿದ್ದೇ ಒಂದು ಜನ್ಮಕ್ಕೆ ಸಾಕು" ಎಂದು ಮಲಗಿದವರು ಮತ್ತೆ ಏಳಲಿಲ್ಲ. ಮಗ್ಗುಲು ಬದಲಿಸಿದರೆ ಕಾಯಿದೆ ಅದನ್ನು ಅಲುಗಾಟ ಎಂದು ಒಪ್ಪುವುದಿಲ್ಲ. ಒಂದು ಮೊಳವಾದರೂ ಜಾಗ ಬಿಟ್ಟು ಸರಿಯಬೇಕು. ಇದು ನಮಗೆಲ್ಲ ಗೊತ್ತಿತ್ತು. ಆದರೆ ಮನುಷ್ಯ ಮಲಗಿರುವ ಜಾಗವೂ ಖಾಲಿಯ ಲೆಕ್ಕಕ್ಕೆ ಬರುತ್ತದೆ ಎಂದು ನಮಗೆ ಹೊಳೆದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬದಲಿ ನೆಲದ ಇನ್ಸ್‌ಪೆಕ್ಟರು ಜಯದೇವಪ್ಪ ಇಬ್ಬರು ಗಾರೆಯವರನ್ನು ಕರೆದುಕೊಂಡು ಬಂದರು. ನೀರು ಕೇಳಿ ಕುಡಿದರು, ಮಾವನಿಗೆ ನಮಸ್ಕಾರ ಮಾಡಿದರು, ಆಮೇಲೆ ನಮ್ಮ ಮುಂಗೋಡೆ ಒಡೆಸಿದರು. ಸಂಜೆಯೊಳಗೆ ಬಾಗಿಲಿದ್ದ ಕಡೆ ಅಂಗಡಿಗೆ ಹಾಕುವಂಥ ಕಬ್ಬಿಣದ ಶಟರ್ ಕೂತಿತು. ಅಷ್ಟು ಹೊತ್ತೂ ಧೂಳು ಬೀಳಬಾರದೆಂದು ನಾನು ಮಾವನ ಮೇಲೆ ಸೀರೆ ಹಿಡಿದು ನಿಂತಿದ್ದೆ. ಗಾರೆಯವರು ಹೋದ ಮೇಲೆ ಜಯದೇವಪ್ಪ ಒಂದು ಪಟ್ಟಿ ಬರೆದು ಓದಿದರು. "ಮಂಚ ಒಂದು. ಹಾಸಿಗೆ ಒಂದು. ಕಂಬಳಿ ಎರಡು. ಟ್ರಂಕು ಒಂದು. ಹಿರಿಯರು ಒಬ್ಬರು. ಇಷ್ಟನ್ನೂ ಏಳು ದಿನದಲ್ಲಿ ತೆರವು ಮಾಡ್ಬೇಕು ತಾಯಿ. ಇಲ್ಲಾಂದ್ರೆ ನಾವೇ ಬಂದು ಅಚಲ ವಸ್ತುಗಳ ಗೋದಾಮಿಗೆ ಸಾಗಿಸ್ತೀವಿ."

"ಮನುಷ್ಯರನ್ನೂನಾ ಸಾರ್?"

"ಪಟ್ಟೀಲಿ ಇರೋದನ್ನೆಲ್ಲ. ಗೋದಾಮು ಚೆನ್ನಾಗಿದೆ ತಾಯಿ. ಗಾಳಿ ಬೆಳಕು ಇದೆ."

ನಮ್ಮ ಮನೆಯಲ್ಲಿ ಇದ್ದದ್ದೇ ಹಜಾರ, ಅಡುಗೆಮನೆ, ಮತ್ತೆ ನನ್ನ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದ ಒಂದು ಕಿರುಕೋಣೆ. ರಾತ್ರಿ ನಾವಿಬ್ಬರೂ ಮಲಗುವುದು ಆ ಮಿಷನ್ನನ್ನು ಗೋಡೆಗೆ ತಳ್ಳಿ. ಐಸ್ ಫ್ಯಾಕ್ಟರಿಯಿಂದ ಬಂದ ನನ್ನ ಗಂಡ ಷಣ್ಮುಖ ಶಟರನ್ನು ನೋಡಿದ, ಪಟ್ಟಿಯನ್ನು ಓದಿದ, ಗೋಡೆಗೊರಗಿ ಕೂತುಬಿಟ್ಟ. ಮಾವ ಇದ್ಯಾವುದೂ ತಮಗೆ ಸಂಬಂಧವಿಲ್ಲ ಎಂಬಂತೆ, ಸಾರಿಗೆ ಇಂಗು ಬಿದ್ದಿಲ್ಲ ಎಂದರು.

ಮಾರನೆಯ ದಿನ ಆ ಜಾಗದ ಹಕ್ಕುದಾರನೂ ಬಂದ. ಹೆಸರು ಫಣಿರಾಜ. ಹಲ್ಲು ಸೆಟ್ಟು ಮಾಡುವ ಕೆಲಸದವನು. ಬೂದು ಬಣ್ಣದ ಸಣ್ಣ ಕಾರು ಮನೆಮುಂದೆ ನಿಧಾನಿಸಿತು, ಗಾಜು ಇಳಿಯಿತು, ಗಡ್ಡ ಬೆಳೆದ ಮುಖ ಹೊರಗೆ ಬಂತು. ನಮ್ಮ ವಾರ್ಡಿನಲ್ಲಿ ತನ್ನ ನಂಬರಿನ ಜಾಗದಲ್ಲಿ ಗಾಡಿ ನಿಲ್ಲಿಸದೆ ಓಡಿಸುವವರು ಕೆಳಗೆ ಇಳಿಯುವಂತಿಲ್ಲ. ಮೈದಾನ ಮುಚ್ಚಿದಂದಿನಿಂದ, ಅಂದರೆ ಐದು ತಿಂಗಳಿಂದ, ಅವನು ಕಾರಿನಲ್ಲೇ ಇದ್ದ. ಅವನ ಹೆಂಡತಿ ಊಟದ ಕ್ಯಾರಿಯರನ್ನು ತಿರುವಿನಲ್ಲಿ ನಿಂತು ಕಿಟಕಿಯಿಂದ ಕೊಡುತ್ತಿದ್ದಳು. ಪೆಟ್ರೋಲ್ ಬಂಕಿನಲ್ಲಿ ಸಾಲು ಉದ್ದವಿದ್ದ ದಿನ ಅವನು ಚೆನ್ನಾಗಿ ನಿದ್ದೆ ಮಾಡುತ್ತಿದ್ದ. ಡ್ಯಾಶ್‌ಬೋರ್ಡಿನ ಮೇಲೆ ಯಾರದೋ ಮೇಲ್ದವಡೆ ಒಣಗುತ್ತಿತ್ತು.

"ಇದೇ ಅಲ್ವಾ ಅಕ್ಕಾ ನಲವತ್ತೇಳು?" ಎಂದ. ಒಳಗೆ ಮಲಗಿದ್ದ ಮಾವನನ್ನು ಕಂಡ. "ಅವಸರ ಇಲ್ಲ. ನಾನು ಸುತ್ತುತಾ ಇರ್ತೀನಿ" ಎಂದು ಹೊರಟುಹೋದ.

ಮೂರನೇ ದಿನ ನಾನು ಪಾರ್ಕಿಂಗ್ ಆಫೀಸಿಗೆ ಹೋದೆ. ಕಣ್ಣೀರು ಹಾಕಿದೆ. ಬೈದೂ ನೋಡಿದೆ. ಜಯದೇವಪ್ಪ ಎರಡಕ್ಕೂ ತಲೆಯಾಡಿಸಿದರು. ಆಮೇಲೆ ಕಾಯಿದೆ ಪುಸ್ತಕ ತೆಗೆದು, ನನ್ನನ್ನು ನೋಡದೆ, ಒಂದು ಕಲಮನ್ನು ಜೋರಾಗಿ ಓದಿದರು. ಮತ್ತೆ ಅದನ್ನೇ ಇನ್ನೊಂದು ಸಲ, ಇನ್ನೂ ನಿಧಾನವಾಗಿ ಓದಿದರು. ನಾಲ್ಕು ಚಕ್ರ, ಒಂದು ಬ್ರೇಕು, ಒಂದು ಗಂಟೆ ಇದ್ದು, ಕೂತೋ ಮಲಗಿಯೋ ಒಬ್ಬರಾದರೂ ಸಾಗಬಲ್ಲ ಯಾವುದೇ ಸಾಧನವೂ ವಾಹನ. ಬದಲಿ ಜಾಗದಲ್ಲಿ ಮೊದಲು ನಿಂತ ವಾಹನಕ್ಕೆ ಮೊದಲ ಹಕ್ಕು.

"ಅರ್ಥ ಆಯ್ತು ಸಾರ್" ಎಂದೆ.

"ನಾನೇನೂ ಹೇಳಲಿಲ್ಲ ತಾಯಿ. ಓದಿದೆ ಅಷ್ಟೆ. ಇನ್ನೊಂದು ಸಾಲಿದೆ, ಅದನ್ನೂ ಕೇಳಿಸ್ಕೊಳ್ಳಿ. ಹೊತ್ತು ಮುಳುಗೋ ತನಕ ಯಾವ ವಾಹನವೂ ಒಂದೇ ಸಮ ನಾಲ್ಕು ಗಂಟೆಗಿಂತ ಜಾಸ್ತಿ ನಿಲ್ಲೋ ಹಾಗಿಲ್ಲ. ಆಚೆ ಹೋಗಿ ನಾನೂರು ಹೆಜ್ಜೆ ತಿರುಗಿ ಬರ್ಬೇಕು. ಆಚೆ ಹೋದಾಗ ಬೇರೆ ಯಾವ ಗಾಡಿ ಬಂದು ನಿಂತರೂ ಜಾಗ ಅದರದ್ದು. ಆಮೇಲೆ ನನ್ನ ಕೇಳ್ಬೇಡಿ."

ಷಣ್ಮುಖ ಫ್ಯಾಕ್ಟರಿಯಿಂದ ಐಸ್ ಸಾಗಿಸುವ ಹಳೇ ಗಾಡಿಯ ಚಕ್ರ ತಂದ. ವೆಲ್ಡಿಂಗ್‌ನವನು ಮಂಚದ ಕಾಲುಗಳಿಗೆ ಅವನ್ನು ಕೂಡಿಸಲು ಬಂದಾಗ ಮಾವ ಮೊದಲ ಸಲ ತಲೆಯೆತ್ತಿದರು.

"ನನ್ನ ಏನಂತ ತಿಳ್ಕೊಂಡಿದೀರಿ? ತರಕಾರಿ ಗಾಡಿನಾ?"

"ಗೋದಾಮಿಗೆ ಹೋಗೋದಕ್ಕಿಂತ ವಾಸಿ ಅಲ್ವಾ ಮಾವ" ಎಂದೆ.

"ಗೋದಾಮಲ್ಲಿ ಅಡುಗೆ ಯಾರು ಮಾಡ್ತಾರೆ?"

"ಗೊತ್ತಿಲ್ಲ."

"ಹಾಕ್ಸು ಹಂಗಾದ್ರೆ" ಎಂದು ತಲೆ ಇಳಿಸಿದರು.

ಬ್ರೇಕಿಗೆ ಮರದ ದಿಮ್ಮಿ, ಗಂಟೆಗೆ ದೇವರ ಗಂಟೆ. ಜಯದೇವಪ್ಪ ಬಂದು ಮಂಚದ ಸುತ್ತ ನಡೆದು, ಗಂಟೆ ಬಾರಿಸಿ ನೋಡಿ, ಮಾವನ ಕಾಲ ಬಳಿ ನಂಬರ್ ಪ್ಲೇಟು ಕೂಡಿಸಿ, ಪಂಕಜಾಕ್ಷಿ ಎಂದು ಡ್ರೈವರಿನ ಕಾಲಂನಲ್ಲಿ ನನ್ನ ಹೆಸರು ಬರೆದುಕೊಂಡರು. ಹಾಗೆ ನಾನು ಡ್ರೈವರಾದೆ.

ಮೊದಲ ದಿನ ಮಾವ ಮುಖದ ತುಂಬ ಕಂಬಳಿ ಹೊದ್ದುಕೊಂಡಿದ್ದರು. ಬೀದಿಯಲ್ಲಿ ಹೋಗುವವರು ಏನೋ ಆಗಿಹೋಗಿದೆ ಎಂದು ತಿಳಿದು ಪಕ್ಕಕ್ಕೆ ಸರಿದು ಕೈ ಮುಗಿದರು. ಒಬ್ಬರು ಚಪ್ಪಲಿ ಬಿಟ್ಟು ನಿಂತರು. ನನಗೆ ನಾಚಿಕೆಯಿಂದ ನೆಲ ನೋಡುವುದೇ ಆಯಿತು. ಇನ್ನೂರು ಹೆಜ್ಜೆ ಆಗಿತ್ತು. ಕ್ಯಾಂಟೀನಿನ ಹಿಂದಿನ ಕಿಟಕಿ ದಾಟುವಾಗ ಒಗ್ಗರಣೆಯ ಘಾಟು ಬಂತು. ಕಂಬಳಿಯೊಳಗಿಂದ ಮೊದಲು ಕೆಮ್ಮು ಬಂತು, ಆಮೇಲೆ ಕೈ, ಆಮೇಲೆ ಮುಖ.

"ಸಾಸಿವೆ ಸೀಯಿಸ್ತಿದೀಯ ಕಣಯ್ಯ" ಎಂದು ಮಾವ ಕಿಟಕಿಯ ಕಡೆ ಕೂಗಿದರು. "ಉರಿ ಇಳಿಸಿ ಬೇವು ಹಾಕು."

ಕೈ ಮುಗಿದು ನಿಂತಿದ್ದವರು ಹೆದರಿ ಓಡಿದರು. ಒಳಗಿನ ಅಡುಗೆಯವನು ಮಾತ್ರ ಉರಿ ಇಳಿಸಿದ.

ಅಲ್ಲಿಂದ ದಿನಕ್ಕೆ ಮೂರು ಸಲ ಮಾವನ ಸವಾರಿ ಹೊರಟಿತು. ನನ್ನ ಹೊಲಿಗೆ ಅರ್ಧರ್ಧಕ್ಕೆ ನಿಂತಿತು, ಭುಜ ನೋವು ಹಿಡಿಯಿತು. ಅವರಿಗೇನು, ಒಂದು ವಾರದೊಳಗೆ ದಾರಿ ಹೇಳಲು ಶುರುಮಾಡಿದರು. ಬೆಳಿಗ್ಗೆ ಕ್ಯಾಂಟೀನು, ಮಧ್ಯಾಹ್ನ ತರಕಾರಿ ಸಂತೆ, ಸಂಜೆ ಹುರಿಗಾಳಿನ ಅಂಗಡಿ. ಬದನೆಕಾಯಿಯನ್ನು ಮಲಗಿದಲ್ಲಿಂದಲೇ ಕೈಯಲ್ಲಿ ತೂಗಿ ನೋಡಿ, ಬೀಜ ಬಲಿತಿದೆ ಎಂದು ವಾಪಸು ಕೊಡುವರು. ಹಳೇ ಹಾಸ್ಟೆಲಿನ ಹುಡುಗರು, ಈಗ ತಲೆ ನರೆತವರು, ಮಂಚದ ಪಕ್ಕ ನಡೆಯುತ್ತ ಮಾತಾಡಿಸುವರು. ಮನೆಗೆ ಬಂದ ಮೇಲೆ ಮತ್ತೆ ನನ್ನ ಅಡುಗೆಯ ತಪ್ಪು ಹುಡುಕುವುದು ಇದ್ದೇ ಇತ್ತು. ನಾನು ಮದುವೆಯಾಗಿ ಬಂದು ಹದಿನಾರು ವರ್ಷ. ಅಷ್ಟರಲ್ಲಿ ಒಂದು ದಿನ ಅವರು ಚೆನ್ನಾಗಿದೆ ಎಂದವರಲ್ಲ, ಹೆಸರು ಹಿಡಿದು ಕರೆದವರೂ ಅಲ್ಲ.

ನನಗಿದ್ದ ಹೆದರಿಕೆ ಆ ಬೂದು ಕಾರಿನದು. ನಾನು ಮಂಚ ತಳ್ಳಿಕೊಂಡು ಹೊರಟ ಕೂಡಲೇ ಅದು ಎಲ್ಲಿಂದಲೋ ಬಂದು ನಮ್ಮ ಬೀದಿಗೆ ತಿರುಗುತ್ತಿತ್ತು. ತೆರೆದ ಶಟರಿನ ಮುಂದೆ ನಿಧಾನವಾಗುತ್ತಿತ್ತು. ಶಟರಿಗೆ ಬೀಗ ಹಾಕುವಂತೆಯೂ ಇರಲಿಲ್ಲ. ಗಾಡಿ ಹೊರಗಿರುವಾಗ ಶಟರ್ ಮುಚ್ಚುವುದು ಅಪರಾಧ. ಅವನು ಸ್ಟೇರಿಂಗ್ ತಿರುಗಿಸಿದರೆ ಸಾಕು, ನಮ್ಮ ಮಾವ ಬೀದಿಪಾಲು. ಹಾಗಾಗಿ ನಾನು ಹೋಗುವಾಗ ನಡೆಯುತ್ತಿದ್ದೆ, ಬರುವಾಗ ಓಡುತ್ತಿದ್ದೆ. "ಮೆಲ್ಲಗೆ, ಕರುಳು ಕಲಸ್ತಾ ಇದೆ" ಎಂದು ಮಾವ ಗಂಟೆ ಬಾರಿಸುವರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನಾಲ್ಕನೇ ತಿಂಗಳಲ್ಲಿ ಒಂದು ದಿನ ನಾನು ಯಾಮಾರಿದೆ. ಮದುವೆ ಮನೆಯವರ ಹನ್ನೊಂದು ರವಿಕೆ ಸಂಜೆಗೆ ಕೊಡಬೇಕಿತ್ತು. ಮಿಷನ್ನಿನ ಸದ್ದಿನಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಗುಂಡಿ ಹಚ್ಚಿ ತಲೆಯೆತ್ತಿದರೆ ಹನ್ನೆರಡೂವರೆ. ಹಜಾರಕ್ಕೆ ಬಂದೆ. ನಲವತ್ತೇಳು ಎಂಬ ಅಂಕಿ ಪೂರ್ತಿ ಕಾಣುತ್ತಿತ್ತು. ಮಂಚವಿಲ್ಲ, ಮಾವನಿಲ್ಲ. ಎದುರು ಮನೆಯಿಂದ ಕಾತ್ಯಾಯನಿ ಹೇಳಿದಳು: "ಟೋಯಿಂಗ್‌ನೋರು ಎತ್ಕೊಂಡು ಹೋದ್ರು. ನಿಮ್ಮಾವ ಗಂಟೆ ಹೊಡೀತಾನೇ ಇದ್ರು. ನಾನು ದಿನದ ಹಾಗೆ ಅಂದ್ಕೊಂಡೆ."

ಬರಿಗಾಲಲ್ಲಿ ಓಡಿದೆ. ಎತ್ತಿಕೊಂಡು ಹೋದ ಗಾಡಿಗಳನ್ನು ಇಡುವ ಯಾರ್ಡು ವಾರ್ಡಿನ ಕೊನೆಯಲ್ಲಿದೆ. ತುಕ್ಕು ಹಿಡಿದ ಸ್ಕೂಟರುಗಳು, ಚಕ್ರವಿಲ್ಲದ ವ್ಯಾನುಗಳು, ಅವುಗಳ ನಡುವೆ ಸರಪಳಿ ಬಿಗಿದ ನಮ್ಮ ಮಂಚ. ಮಂಚದ ಮೇಲೆ ಮಾವ ಇರಲಿಲ್ಲ. ಆಮೇಲೆ ನೋಡಿದರೆ, ಯಾರ್ಡಿನ ಕಾವಲುಗಾರ ಖಾದರ್‌ಸಾಬರು ಇಟ್ಟಿಗೆ ಒಲೆಯ ಮೇಲೆ ತಪ್ಪಲೆ ಇಟ್ಟಿದ್ದರು. ಎದುರಿಗೆ ಟಯರಿನ ಮೇಲೆ ಮಾವನನ್ನು ಎತ್ತಿ ಕೂರಿಸಿದ್ದರು. ಎರಡು ವರ್ಷದಿಂದ ದಿಂಬಿಗೆ ಒರಗದೆ ಕೂರದಿದ್ದವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ಈರುಳ್ಳಿ ಇನ್ನೂ ಕೆಂಪಾಗ್ಲಿ ಸಾಬರೇ. ಆತುರ ಬೇಡ."

"ಮರುಳಪ್ಪನೋರು ಹೇಳಿದ್ಮೇಲೆ ಮುಗೀತು" ಎಂದರು ಖಾದರ್‌ಸಾಬರು.

ಬಿಡಿಸಿಕೊಳ್ಳುವುದಕ್ಕೆ ಅಲ್ಲೊಂದು ಕ್ರಮವಿದೆ. ವಾಹನದ ಗುರುತು ಹೇಳಬೇಕು, ಎಲ್ಲೆಲ್ಲಿ ಪೆಟ್ಟಾಗಿದೆ, ಎಲ್ಲೆಲ್ಲಿ ಗೀರಿದೆ ಎಂದು. ನಾನು ಮಂಚದ ಗುರುತು ಹೇಳಿದೆ. ಖಾದರ್‌ಸಾಬರು ಬರೆದುಕೊಂಡು, "ಒಳಗಿನ ಸವಾರಂದು?" ಎಂದರು. ಮಾವನ ಎಡಗೈ ಮೇಲೆ ಎಣ್ಣೆ ಹಾರಿದ ಮೂರು ಕಲೆ, ಬಲ ಹೆಬ್ಬೆರಳಲ್ಲಿ ತೆಂಗಿನಕಾಯಿ ತುರಿಯುವಾಗ ಬಿದ್ದ ಗಾಯ, ಮೊಣಕಾಲ ಕೆಳಗೆ ಅನ್ನದ ಗಂಜಿ ಚೆಲ್ಲಿ ಬೆಳ್ಳಗಾದ ಚರ್ಮ. ಒಂದೊಂದೇ ಹೇಳುತ್ತ ಹೋದೆ. ಮಾವ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಇಷ್ಟು ದಿನ ಇವಳು ಇದನ್ನೆಲ್ಲ ನೋಡಿದ್ದಾಳೆಯೇ ಎಂಬಂತೆ ನನ್ನ ಮುಖ ನೋಡಿದರು.

"ಈಗ ಸವಾರರು ಡ್ರೈವರಿನ ಗುರುತು ಹೇಳ್ಬೇಕು" ಎಂದರು ಖಾದರ್‌ಸಾಬರು.

ಮಾವ ನನ್ನ ಕಡೆ ಬೆರಳು ತೋರಿಸಿದರು. "ಪಂಕಜಾಕ್ಷಿ ಅಂತ. ನಮ್ಮ ಸೊಸೆ. ಹುಳಿಗೆ ಬೆಲ್ಲ ಒಂದು ಚೂರು ಜಾಸ್ತಿ ಹಾಕ್ತಾಳೆ." ಖಾದರ್‌ಸಾಬರ ಪೆನ್ನು ಓಡಿತು. "ಅದನ್ನ ಬರ್ಕೊಬೇಡಿ. ಓಡಿಸೋದು ಚೆನ್ನಾಗಿ ಓಡಿಸ್ತಾಳೆ. ಅಷ್ಟು ಬರ್ಕೊಳ್ಳಿ."

ಖಾದರ್‌ಸಾಬರು ಎರಡನ್ನೂ ಬರೆದುಕೊಂಡರು.

ಕೂತವರು ನಿಲ್ಲಲು ಒಂದು ತಿಂಗಳು, ನಿಂತವರು ನಡೆಯಲು ಇನ್ನೊಂದು ತಿಂಗಳು ಹಿಡಿಯಿತು. ಇದು ಸಂತೋಷ ಪಡುವ ಸಂಗತಿ. ಆದರೆ ಹೊಸ ಪೇಚು ಬಂತು. ಸವಾರ ಎದ್ದು ನಡೆದುಹೋದ ವಾಹನವನ್ನು ಕಾಯಿದೆ ಬಿಟ್ಟುಹೋದ ವಾಹನ ಎನ್ನುತ್ತದೆ, ಅದಕ್ಕೆ ಜಾಗದ ಹಕ್ಕಿಲ್ಲ. ಹಾಗಾಗಿ ಮಾವ ನಡೆಯುವುದನ್ನು ನಾವು ಮುಚ್ಚಿಟ್ಟೆವು. ಅವರು ಬೆಳಗಿನ ಐದೂವರೆಗೆ ಹಿತ್ತಲ ಬಾಗಿಲಿಂದ ಕ್ಯಾಂಟೀನಿಗೆ ನಡೆದು ಹೋಗಿ, ಸಾಂಬಾರಿನ ರುಚಿ ನೋಡಿ ಹೇಳಿ, ಎಂಟರೊಳಗೆ ಬಂದು ಮಂಚದ ಮೇಲೆ ಮಲಗುವರು. ಜಯದೇವಪ್ಪ ತಪಾಸಣೆಗೆ ಬಂದ ದಿನ ಸಣ್ಣಗೆ ನರಳುವುದನ್ನೂ ಕಲಿತರು. ಜಯದೇವಪ್ಪ ಅವರ ಪಾದಕ್ಕೆ ಅಂಟಿದ್ದ ಕೆಮ್ಮಣ್ಣನ್ನು ನೋಡಿ, "ಕಾಲು ಒರೆಸಿ ತಾಯಿ, ಸೋಂಕಾದೀತು" ಎಂದು ಹೇಳಿ ಹೋದರು.

ಅಂಥದೇ ಒಂದು ಬೆಳಿಗ್ಗೆ ಏನಾಯಿತೆಂದು ಆಮೇಲೆ ಇಬ್ಬರೂ ನನಗೆ ಹೇಳಿದರು. ಮಾವ ಕ್ಯಾಂಟೀನಿನಿಂದ ಕೋಲಿಲ್ಲದೆ ನಡೆದು ಬರುತ್ತಿದ್ದಾಗ ಬೂದು ಕಾರು ಪಕ್ಕದಲ್ಲಿ ಬಂದು ನಿಧಾನಿಸಿತು. ಮಾವ ಕಂಬದಂತೆ ನಿಂತುಬಿಟ್ಟರು. ಇವನೊಂದು ಮಾತು ಆಫೀಸಿಗೆ ಹೇಳಿದರೆ ಸಂಜೆಯೊಳಗೆ ಜಾಗ ಹೋಗುತ್ತದೆ. ಗಾಜು ಇಳಿಯಿತು.

"ಕಾಲು ಹೆಂಗಿದೆ ಅಜ್ಜಾ?" ಎಂದ ಫಣಿರಾಜ.

"ಪರವಾಗಿಲ್ಲ."

"ಎಡಗಾಲು ಎಳೀತಿದೀರಿ. ಹತ್ತಿ, ಮನೆ ತನಕ ಬಿಡ್ತೀನಿ. ನಿಲ್ಲಿಸೋ ಹಾಗಿಲ್ಲ, ಮೆಲ್ಲಗೆ ಹೋಗ್ತಿರುವಾಗ್ಲೇ ಹತ್ಬೇಕು."

ಮಾವ ಹತ್ತಿದರು. ಒಳಗೆ ಬೆವರಿನ ವಾಸನೆ, ಹಲ್ಲಿನ ಗಾರೆಯ ವಾಸನೆ. ಹಿಂದಿನ ಸೀಟಿನಲ್ಲಿ ಮಡಚಿಟ್ಟ ಬಟ್ಟೆ, ಒಂದು ದಿಂಬು, ಕಿಟಕಿಗೆ ಅಂಟಿಸಿದ್ದ ಮಗುವಿನ ಫೋಟೋ. ಅವನು ಸುತ್ತುತ್ತಿದ್ದಾಗಲೇ ಹುಟ್ಟಿದ ಮಗು. ಮಾವ ಬಗ್ಗಿ ಫೋಟೋ ನೋಡಿದರು. ಆಮೇಲೆ ಕೇಳಿದರು: "ನಾವು ಆಚೆ ಹೋದಾಗೆಲ್ಲ ಶಟರ್ ತೆಗೆದೇ ಇರ್ತಿತ್ತು. ದಿನಕ್ಕೆ ಮೂರು ಸಲ. ನೀನು ಬಂದು ನೋಡ್ತಿದ್ದೆ ಅಂತ ನಮ್ಮ ಸೊಸೆ ಓಡೋಡಿ ಬರ್ತಿದ್ಲು. ಯಾಕಪ್ಪ ನುಗ್ಗಲಿಲ್ಲ?"

ಫಣಿರಾಜ ಗೇರು ಬದಲಿಸಿದ. "ಒಂದ್ಸಲ ಸ್ಟೇರಿಂಗ್ ತಿರುಗಿಸಿದ್ದೆ ಅಜ್ಜಾ. ಮುಂದಿನ ಚಕ್ರ ಶಟರಿನ ಬಾಯಿಗೆ ಬಂದಿತ್ತು. ನಿಮ್ಮ ದಿಂಬು ಕೆಳಗೆ ಬಿದ್ದಿತ್ತು, ಹಜಾರದಲ್ಲಿ. ಅದರ ಮೇಲೆ ಹೆಂಗೆ ಹತ್ತಿಸ್ಲಿ ಅನ್ನಿಸ್ತು." ತಿರುವಿನಲ್ಲಿ ಹಾರನ್ ಮಾಡಿದ. "ಆಮೇಲೆ ಬರ್ತಿದ್ದಿದ್ದು ಬೇರೆ ನಂಬರಿನೋರು ಯಾರಾದ್ರೂ ನುಗ್ಗಿಬಿಟ್ಟಾರು ಅಂತ ಕಾಯೋಕೆ. ಇಬ್ಬರು ನೋಡಿದ್ರು. ಹಾರನ್ ಹೊಡೆದು ಕಳಿಸ್ದೆ."

ನಾನು ಹಿತ್ತಲ ಬಾಗಿಲಲ್ಲಿ ಮಾವನ ದಾರಿ ಕಾಯುತ್ತಿದ್ದೆ. ಗಂಟೆ ಏಳೂಮುಕ್ಕಾಲಾಗಿತ್ತು. ಬೀದಿ ಕಡೆಯಿಂದ ನನ್ನ ಹೆಸರು ಕೂಗಿದ್ದು ಕೇಳಿ ಮುಂದಕ್ಕೆ ಓಡಿದೆ. ಬೂದು ಕಾರು ಮನೆಮುಂದೆ ತೆವಳುತ್ತಿತ್ತು, ಅದರ ಮುಂದಿನ ಸೀಟಿನಲ್ಲಿ ಮಾವ ಕೂತಿದ್ದರು. ಸಿಕ್ಕಿಬಿದ್ದೆವು ಅಂದುಕೊಂಡೆ.

"ಪಂಕಜಾ, ಮಂಚ ಆಚೆ ತೆಗಿ" ಎಂದರು ಮಾವ.

"ಮಾವ, ನಾಲ್ಕು ಗಂಟೆ ಇನ್ನೂ..."

"ಗಂಟೆ ನೋಡ್ಬೇಡ. ತೆಗಿ. ಟ್ರಂಕು ನಿಮ್ಮ ಕೋಣೆಗೆ ಹಾಕು. ನನ್ನ ಹಾಸಿಗೆ ಅಡುಗೆಮನೇಲಿ ಹಾಸು."

"ಆ ನೆಲದ ಮೇಲಾ?"

"ಹಾಸ್ಟೆಲಲ್ಲಿ ಮತ್ತೆಲ್ಲಿ ಮಲಗ್ತಿದ್ದೆ? ಅಲ್ಲಾದ್ರೆ ಗೆರೆನೂ ಬೀಳಲ್ಲ. ನೀನು ಒಂದು ಡಬ್ಬಿ ಇಟ್ಟಲ್ಲಿ ಇಡೋಳಲ್ಲ."

ನಾನೂ ಷಣ್ಮುಖನೂ ಮಂಚವನ್ನು ಬೀದಿಗೆ ತಳ್ಳಿದೆವು. ಮಾವ ತೆವಳುತ್ತಿದ್ದ ಕಾರಿನಿಂದಲೇ ಇಳಿದು, ಎಲ್ಲರಿಗೂ ಕಾಣುವಂತೆ ರಸ್ತೆಯಲ್ಲಿ ನಿಂತು, ಬಲಕ್ಕೆ, ಎಡಕ್ಕೆ, ಸಾಕು ಎಂದು ಕೈ ತೋರಿಸಿದರು. ಎದುರು ಮನೆಯ ಕಾತ್ಯಾಯನಿ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಕಾರು ಹಜಾರದೊಳಗೆ ಬಂತು. ಗೋಡೆಯ ಮೇಲಿದ್ದ ಕ್ಯಾಲೆಂಡರು ಕನ್ನಡಿಗೆ ತಾಗಿ ಅಲುಗಿತು. ಎಂಜಿನ್ ನಿಂತಾಗ ಮನೆಯಲ್ಲಿ ಒಂದು ಥರದ ಮೌನ ಬಂತು, ಫಣಿರಾಜನೇ ಅದಕ್ಕೆ ಹೆದರಿದಂತೆ ಕಂಡ.

ಬಾಗಿಲು ತೆರೆದ. ಕೆಳಗಿನ ಸಿಮೆಂಟು ನೆಲವನ್ನು ಬಾವಿಯೊಳಗೆ ಇಣುಕಿದಂತೆ ನೋಡಿದ. ಹನ್ನೊಂದು ತಿಂಗಳಾಗಿತ್ತು. ಒಂದು ಕಾಲು ಹೊರಗಿಟ್ಟ, ಅದು ಗಡಗಡ ನಡುಗಿತು, ಒಳಗೆ ಎಳೆದುಕೊಂಡ.

"ಆಗಲ್ಲ ಅಜ್ಜಾ" ಎಂದ. "ಮರೆತುಹೋಗಿದೆ."

ಮಾವ ಕಾರಿನ ಬಾಗಿಲಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ತೂರಿಕೊಂಡು ಹೋಗಿ ಅವನ ಎರಡೂ ಮುಂಗೈ ಹಿಡಿದರು. "ಮರೆತಿರಲ್ಲ. ಮೊದಲು ಎಡಗಾಲು. ನೆಲ ನೋಡ್ಬೇಡ, ನನ್ನ ನೋಡು. ಹಾಂ. ಈಗ ಭಾರ ನನ್ನ ಮೇಲೆ ಬಿಡು."

"ನೀವೇ ಬೀಳ್ತೀರಿ."

"ಬಿದ್ರೆ ಇಬ್ರೂ ಬೀಳೋಣ. ಬಿಡು."

ಅವನು ಬಿಟ್ಟ. ಮಾವನ ಮೊಣಕಾಲು ಬಾಗಿತು, ಮತ್ತೆ ನೆಟ್ಟಗಾಯಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ನಡುಗಿಕೊಂಡು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಬರತೊಡಗಿದರು. ನಾನು ಒಳಗೆ ಹೋಗಿ ಇನ್ನೊಂದು ತಟ್ಟೆ ಹಾಕಿದೆ.